ಬೆಳಗ್ಗೆ ಕೊಯ್ದ ಕಳ್ಳಿ

"ಹೊರಗೆ ಹೋಗ್ರೀ! ಬೋರ್ಡ್ ಕಾಣ್ಸಲ್ವಾ? ಗಂಡಸರಿಗೆ ಪ್ರವೇಶ ಇಲ್ಲ!"

ಬ್ಯೂಟಿ ಪಾರ್ಲರ್ ನಡೆಸುವ ಅವಳು ಕೂಗಿದ ರಭಸಕ್ಕೆ, ಮುಖಕ್ಕೆ ಲೇಪ ಹಚ್ಚಿಸಿಕೊಂಡು ಒರಗಿದ್ದ ಬ್ಯಾಂಕ್ ಮೇಡಂ ಕಣ್ಣ ಮೇಲಿನ ಸೌತೆಕಾಯಿ ಬಿಲ್ಲೆಗಳನ್ನು ಬೀಳಿಸಿಕೊಂಡು ಎದ್ದು ಕುಳಿತರು.

ಬಾಗಿಲಲ್ಲಿದ್ದವನು ಮಾತ್ರ ಕದಲಲಿಲ್ಲ. ಎರಡೂ ಅಂಗೈಗಳನ್ನು ಮುಂದೆ ಚಾಚಿ, ಬೆರಳುಗಳನ್ನು ಅಗಲಿಸಿ, ಪೊಲೀಸರಿಗೆ ಶರಣಾದವನಂತೆ ನಿಂತಿದ್ದ. ಹಣೆಯಲ್ಲಿ ಬೆವರು, ಕಣ್ಣಲ್ಲಿ ನೀರು.

"ಬೋರ್ಡ್ ಕಾಣ್ಸುತ್ತೆ ಮೇಡಂ... ಮುಳ್ಳು ಕಾಣ್ಸಲ್ಲ."

"ಯಾವ ಮುಳ್ಳು?"

"ಪಾಪಾಸುಕಳ್ಳಿದು. ಬರಿಗೈಲಿ ಕಿತ್ತೆ."

"ಬರಿಗೈಲಾ?! ಬುದ್ಧಿ ಇರೋರು ಯಾರಾದ್ರೂ..." ಎನ್ನುತ್ತಲೇ ಅವಳು ಅವನ ಮಣಿಕಟ್ಟು ಹಿಡಿದು ದೀಪದ ಕೆಳಗೆ ಎಳೆದಳು. ದೊಡ್ಡ ಮುಳ್ಳೊಂದೂ ಇರಲಿಲ್ಲ. ಆದರೆ ಬೆರಳ ತುದಿಯಿಂದ ಅಂಗೈವರೆಗೂ ಕೂದಲಿಗಿಂತ ಸಣ್ಣ ಸುಂಕುಮುಳ್ಳು! ಮುಟ್ಟಿದರೆ ಜುಮ್ಮೆನ್ನುವ, ಕಣ್ಣಿಗೆ ಮಾತ್ರ ಬೀಳದ ಜಾತಿ.

ಅವನು ಯಾರೆಂದು ಅವಳಿಗೆ ಆಗ ಗೊತ್ತಾಯಿತು. ಹಿಂದಿನ ಓಣಿಯ 'ಹಲ್ಲುಗಾರ'. ಹಲ್ಲಿನ ಡಾಕ್ಟರಲ್ಲ, ಡಾಕ್ಟರುಗಳು ಕಳಿಸಿದ ಅಳತೆಗೆ ಮೇಣದಲ್ಲಿ ಹಲ್ಲು ಕೆತ್ತಿ, ಅಚ್ಚು ಹಾಕಿ, ಉಜ್ಜಿ ಹೊಳಪು ಕೊಟ್ಟು ಸೆಟ್ ತಯಾರಿಸುವವನು. ಆ ಬೀದಿಯ ಅರ್ಧ ಮುದುಕರು ನಗುತ್ತಿದ್ದದ್ದು ಅವನು ಮಾಡಿಕೊಟ್ಟ ಹಲ್ಲಲ್ಲೇ.

"ಈ ಕೈ ಇಲ್ಲದಿದ್ರೆ ನನ್ನ ಕೆಲಸ ನಿಂತಹಾಗೇ," ಎಂದ ಅವನು, ಮೆಲ್ಲಗೆ. "ನಿಮ್ಮ ಹತ್ರ ಚಿಮಟ ಇರುತ್ತಲ್ಲ ಅಂತ..."

ಚಿಮಟಕ್ಕೆ ಬಗ್ಗುವ ಲೆಕ್ಕ ಇದಾಗಿರಲಿಲ್ಲ. ಅವಳು ಬೆಚ್ಚಗಿನ ವ್ಯಾಕ್ಸನ್ನು ಅವನ ಅಂಗೈಗೆ ತೆಳ್ಳಗೆ ಸವರಿ, ಮೇಲೆ ಬಟ್ಟೆಯ ಪಟ್ಟಿ ಒತ್ತಿದಳು.

"ನೋವಾಗುತ್ತೆ."

"ಪರವಾಗಿಲ್ಲ."

ಸರ್‍ರನೆ ಎಳೆದಳು.

"ಅಮ್ಮಾ!!"

"ಪರವಾಗಿಲ್ಲ ಅಂದ್ರಿ?"

"ಅಮ್ಮನ್ನ ಕರೆದೆ ಅಷ್ಟೆ. ನಿಮ್ಮನ್ನ ಬೈಲಿಲ್ಲ."

ಬ್ಯಾಂಕ್ ಮೇಡಂ ನಕ್ಕ ನಗುವಿಗೆ ಮುಖದ ಲೇಪವೆಲ್ಲ ಬಿರುಕು ಬಿಟ್ಟಿತು. ಅವಳೂ ನಕ್ಕಳು. ಉಳಿದ ಸುಂಕನ್ನು ಚಿಮಟದಿಂದ ಒಂದೊಂದಾಗಿ ಕೀಳಲು ಬಾಗಿದಾಗ ಮಾತ್ರ ಅವಳ ನಗು ನಿಂತಿತು. ಒಬ್ಬ ಗಂಡಸಿನ ಕೈಯನ್ನು ಇಷ್ಟು ಹೊತ್ತು ಹಿಡಿದು ಎಷ್ಟು ವರ್ಷವಾಗಿತ್ತು! ಮೇಣದ ವಾಸನೆಯ ಕೈ. ನೋವಾದರೂ ಹಿಂದಕ್ಕೆ ಎಳೆದುಕೊಳ್ಳದ ಕೈ.

"ಕಳ್ಳಿ ಯಾಕೆ ಕಿತ್ರಿ? ಒಂಟೆ ಸಾಕಿದ್ದೀರಾ?" ಚಿಮಟದಿಂದ ಕಣ್ಣೆತ್ತದೆ ಅವಳು ಕೇಳಿದಳು.

"ಅಮ್ಮನ್ನ ಸಾಕ್ತಿದ್ದೀನಿ. ಉಳಿದಿದ್ದ ಹಲ್ಲೂ ಕೀಳಿಸಿದ್ದಾಯ್ತು. ಗಾಯ ಮಾಗಿದೆ, ಆದ್ರೆ ನಾನು ಸೆಟ್ ಮಾಡಿಕೊಡೋವರೆಗೂ ಏನೂ ಅಗಿಯೋ ಹಾಗಿಲ್ಲ. ಬಾಳೆಹಣ್ಣಿನ ಸ್ಮೂದಿ ಕುಡಿದು ಕುಡಿದು ಬೇಜಾರಾಗಿದೆಯಂತೆ. ಚಿಕ್ಕವಳಿದ್ದಾಗ ಅವರಮ್ಮ ಕಳ್ಳಿ ಹಾಕಿ ಹಣ್ಣಿನ ರಸ ಮಾಡ್ತಿದ್ರಂತೆ. ಅದೇ ಬೇಕಂತೆ."

"ಊರಿಗೆಲ್ಲ ಹಲ್ಲು ಕೊಡೋರ ಅಮ್ಮನಿಗೇ ಬೊಚ್ಚುಬಾಯಾ?"

ಅವನ ಮುಖ ಚಿಕ್ಕದಾಯಿತು. ಕಿತ್ತ ಕಳ್ಳಿ ಸಿಂಕಿನಲ್ಲಿ ಬಿದ್ದಿದೆ, ಅಮ್ಮ ಹಸಿದು ಕೂತಿದ್ದಾರೆ, ಈ ಕೈಯಲ್ಲಿ ಅದನ್ನು ಮುಟ್ಟುವುದು ಹೇಗೆ ಎಂದು ತಡವರಿಸಿದ.

ಅವಳಿಗೆ ಏನನ್ನಿಸಿತೋ! "ನಡೀರಿ. ಹೆಂಗಸರ ಮೀಸೆ ತೆಗೆದವಳಿಗೆ ಕಳ್ಳಿ ಗಡ್ಡ ಯಾವ ಲೆಕ್ಕ!" ಎಂದು ಬ್ಯಾಂಕ್ ಮೇಡಂಗೆ ಮುಖ ತೊಳೆಸಿ ಕಳಿಸಿ, ಚಿಮಟವನ್ನು ಕೈಚೀಲಕ್ಕೆ ಹಾಕಿಕೊಂಡಳು.

* * *

ಅವನ ಮನೆಯ ಮುಂದಿನ ಕೋಣೆಯೇ ಕೆಲಸದ ಜಾಗ. ಮೇಜಿನ ತುಂಬ ಸಾಲು ಸಾಲು ಹಲ್ಲುಗಳು. ಒಳಗೆ ಅಡುಗೆಮನೆ. ಅಲ್ಲಿ ಮುಕ್ಕಾಲಿಯ ಮೇಲೆ ಕುಳಿತಿದ್ದರು ಅಮ್ಮ. ಕೆನ್ನೆ ಒಳಕ್ಕೆ ಹೋಗಿತ್ತು, ಕಣ್ಣು ಮಾತ್ರ ಚೂಪು.

"ಯಾರೋ ಇವಳು?"

"ಪಾರ್ಲರ್ ಅಕ್... ಮೇಡಂ, ಅಮ್ಮ."

"ಅಕ್ಕನೋ? ಮೇಡಮ್ಮೋ?"

"ಮೇಡಂ," ಎಂದು ಅವನು ನಾಲಿಗೆ ಕಚ್ಚಿಕೊಂಡ.

ಬೀದಿಗೆಲ್ಲ ಅವಳು 'ಪಾರ್ಲರ್ ಅಕ್ಕ'. ವಯಸ್ಸಾದ ಹೂವಿನಂಗಡಿಯವನೂ ಹಾಗೇ ಕರೆಯುತ್ತಿದ್ದ. ತಮ್ಮ ಮಗನೊಬ್ಬನೇ ಆ ಪದವನ್ನು ಅರ್ಧಕ್ಕೇ ನುಂಗಿದ್ದನ್ನು ತಾಯಿ ನೋಡಿದರು. ನೋಡಿ ಸುಮ್ಮನಾದರು.

"ಎಳೇದನ್ನ ತಗೋ, ಅಂಗೈಯಷ್ಟಿರೋದು," ಎಂದು ಕುಳಿತಲ್ಲಿಂದಲೇ ಪಾಠ ಶುರು ಮಾಡಿದರು. "ಬಲಿತದ್ದು ಬರೀ ನಾರು. ಮುರಿದ್ರೆ ಹಾಲು ಸುರಿಯುತ್ತಲ್ಲ, ಆ ಕಳ್ಳಿ ಮುಟ್ಟಬೇಡ, ವಿಷ. ಇದು ಬೇರೆ."

ಅವಳು ಕಳ್ಳಿಯ ಎಲೆಯನ್ನು ಇಕ್ಕಳದಲ್ಲಿ ಹಿಡಿದು ಒಲೆಯ ಉರಿಯ ಮೇಲೆ ಆಚೆ ಈಚೆ ತಿರುಗಿಸಿದಳು. ಸುಂಕು ಚಿಟಚಿಟನೆ ಸುಟ್ಟಿತು. ಚಾಕುವನ್ನು ಓರೆ ಹಿಡಿದು ಎರಡೂ ಬದಿ ಹೆರೆದಳು, ಸುತ್ತಲಿನ ಅಂಚನ್ನು ಕತ್ತರಿಸಿ ಎಸೆದಳು, ನಲ್ಲಿಯ ಕೆಳಗೆ ತೊಳೆದು ಬೆಳಕಿಗೆ ಹಿಡಿದು ನೋಡಿದಳು. ಹೆಚ್ಚುವಾಗ ಬೆಂಡೆಕಾಯಿಯಂತೆ ಲೋಳೆ ಎಳೆಯಿತು. ಅನಾನಸ್, ಒಂದು ಸೇಬು, ಚೂರು ಶುಂಠಿ, ಅರ್ಧ ನಿಂಬೆ, ತಣ್ಣೀರು... ಮಿಕ್ಸಿ ಗರ್‍ರೆಂದಿತು. ಸೋಸಿ ಗ್ಲಾಸಿಗೆ ಸುರಿದಾಗ ಎಳೆ ಹಸಿರು ಬಣ್ಣ, ಮೇಲೆ ನೊರೆ.

ಅಮ್ಮ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು.

"ಇದಲ್ಲ."



ಆ ಪದ ಅವಳಿಗೆ ಹೊಸದಲ್ಲ. ಮದುವೆಯಾಗಿ ಹೋದ ಮನೆಯಲ್ಲಿ ಗಂಡ ಒಂದು ತುತ್ತು ಬಾಯಿಗಿಟ್ಟು ತಟ್ಟೆ ಸರಿಸುತ್ತಿದ್ದ. 'ಇದಲ್ಲ. ನಮ್ಮನೇಲಿ ಹೀಗೆ ಮಾಡಲ್ಲ.' ಉಪ್ಪು ಬದಲಾಯಿಸಿದಳು, ಪಾತ್ರೆ ಬದಲಾಯಿಸಿದಳು, ಕೊನೆಗೆ ತನ್ನನ್ನೇ ಬದಲಾಯಿಸಿಕೊಂಡಳು. ಏನು ಮಾಡಿದರೂ 'ಇದಲ್ಲ'. ಅದು ಅಡುಗೆಯ ಮಾತಲ್ಲ, 'ನೀನಲ್ಲ' ಎನ್ನುವ ಮಾತು ಎಂದು ತಿಳಿಯುವಷ್ಟರಲ್ಲಿ ಅವಳ ಅರ್ಧ ಯೌವನ ಆ ಒಲೆಯ ಮುಂದೆ ಬೆಂದುಹೋಗಿತ್ತು. ಹೊರಟು ಬಂದಳು. ಇನ್ನೊಬ್ಬರ ಮನೆಯ ಒಲೆ ಹಚ್ಚುವುದಿಲ್ಲವೆಂದು ತನಗೆ ತಾನೇ ಮಾತು ಕೊಟ್ಟುಕೊಂಡಿದ್ದಳು.

ಅಂಥವಳು ಮರುದಿನ ಸಂಜೆ ಪಾರ್ಲರಿನ ಬಾಗಿಲೆಳೆದು ಮತ್ತೆ ಅದೇ ಅಡುಗೆಮನೆಗೆ ಏಕೆ ಹೋದಳು?

ಅವಳನ್ನು ಕೇಳಿದ್ದರೆ 'ವಯಸ್ಸಾದವರು, ಪಾಪ' ಎನ್ನುತ್ತಿದ್ದಳು. ನಿಜ ಬೇರೆ ಇತ್ತು. ಹಿಂದಿನ ಸಂಜೆ 'ಇದಲ್ಲ' ಎಂದ ಮೇಲೂ ಅಮ್ಮ ಗ್ಲಾಸನ್ನು ತಳ ಕಾಣುವವರೆಗೂ ಕುಡಿದಿದ್ದರು. ಮಗ, ನೋವಿನ ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು, ಯಾರೂ ಹೇಳದೆ ಮಿಕ್ಸಿ ಜಾರ್ ತೊಳೆದು ಬೋರಲು ಹಾಕಿದ್ದ. ಜಾರ್ ತೊಳೆಯುವ ಗಂಡಸನ್ನು ಅವಳು ಅದೇ ಮೊದಲು ನೋಡಿದ್ದು!

* * *

ಅಂದಿನಿಂದ ಸಂಜೆಗಳಿಗೆ ಒಂದು ಅಭ್ಯಾಸವಾಯಿತು. ಅವಳು ದಪ್ಪನೆಯ ಹಳದಿ ಕೈಗವಸು ತಂದು ಅವರ ಸಿಂಕಿನ ಪಕ್ಕದ ಮೊಳೆಗೆ ನೇತುಹಾಕಿದಳು. ಹಿತ್ತಲ ಗೋಡೆಯ ಪಕ್ಕದ ಕಳ್ಳಿಪೊದೆಯಿಂದ ತಾನೇ ಎಲೆ ಕೊಯ್ಯುವಳು. ಒಂದು ದಿನ ಕಿತ್ತಳೆ, ಒಂದು ದಿನ ಪೇರಲೆ, ಒಂದು ದಿನ ಮಾವು. ಅಮ್ಮ ಗ್ಲಾಸು ಖಾಲಿ ಮಾಡುವರು. "ಇದಲ್ಲ."

"ನಿನ್ನೆ ಎರಡು ಸೇಬು ಇಟ್ಟು ಹೋಗಿದ್ದೆ. ಒಂದೇ ಇದೆಯಲ್ಲ?" ಎಂದು ಅವಳು ಒಮ್ಮೆ ಕೇಳಿದಾಗ ಅಮ್ಮ, "ಇಲಿ ಇರ್ಬೇಕು. ಹಾಳಾದ್ದು," ಎಂದರು.

ಅದಕ್ಕೂ ಎಷ್ಟೋ ದಿನ ಮೊದಲು ಕೆಲಸದ ಮೇಜಿನ ಬಳಿ ಅವನು ಹಲ್ಲಿನ ಬಣ್ಣದ ಮಾದರಿಗಳನ್ನು ಹರವಿಕೊಂಡು ತಲೆ ಕೆರೆದುಕೊಳ್ಳುತ್ತಿದ್ದ.

"ಅಮ್ಮನಿಗೆ ಯಾವುದು ಒಪ್ಪುತ್ತೆ? ಮುಖಕ್ಕೆ ಬಣ್ಣ ಹೊಂದಿಸೋದು ನಿಮಗೇ ಗೊತ್ತಲ್ವಾ?"

ಅವಳು ಕಿಟಕಿಯ ಬೆಳಕಿಗೆ ಒಂದೊಂದನ್ನೇ ಹಿಡಿದು ನೋಡಿದಳು. "ಇದು. ಸ್ವಲ್ಪ ಹಳದಿ ಇರ್ಲಿ. ತೀರಾ ಬಿಳಿ ಆದ್ರೆ ಸುಳ್ಳು ಅಂತ ಗೊತ್ತಾಗ್ಬಿಡುತ್ತೆ." ಗೋಡೆಯ ಮೇಲಿದ್ದ ಅಮ್ಮನ ಹಳೆಯ ಫೋಟೋ ನೋಡಿ ಮತ್ತೆ ಹೇಳಿದಳು, "ಈ ಕೋರೆಹಲ್ಲು ಚೂರು ಓರೆ ಇದೆ ನೋಡಿ. ಹಾಗೇ ಮಾಡಿ. ಅಮ್ಮನ ನಗು ಇರೋದೇ ಅದ್ರಲ್ಲಿ."

ಅವನು ಫೋಟೋ ನೋಡಲಿಲ್ಲ. ಅವಳನ್ನೇ ನೋಡಿದ.

"ಯಾವಾಗ ಮುಗಿಯುತ್ತೆ ಸೆಟ್ಟು?"

"ಇನ್ನೂ ಇದೆ... ಫಿನಿಶಿಂಗ್ ಬಾಕಿ ಇದೆ."

ವಾರ ಕಳೆದು ಕೇಳಿದರೂ ಅದೇ. ಇನ್ನೊಂದಷ್ಟು ದಿನ ಬಿಟ್ಟು ಕೇಳಿದರೂ ಅದೇ. "ಫಿನಿಶಿಂಗ್ ಬಾಕಿ ಇದೆ."

ಒಂದು ಸಂಜೆ ಅಡುಗೆಮನೆಯ ಲೈಟರ್ ಕೈಕೊಟ್ಟಿತು. ಮೇಣ ಕರಗಿಸಲು ಅವನೊಂದು ಲೈಟರ್ ಇಟ್ಟುಕೊಂಡಿರುತ್ತಾನಲ್ಲ ಎಂದು ಅವಳು ಕೆಲಸದ ಮೇಜಿನ ಡ್ರಾಯರ್ ಎಳೆದಳು.

ಒಳಗೊಂದು ನೀಲಿ ಡಬ್ಬಿ. ಮುಚ್ಚಳ ತೆಗೆದರೆ ನೀರಿನಲ್ಲಿ ಮುಳುಗಿದ್ದ ಪೂರ್ತಿ ಸೆಟ್ಟು! ಸ್ವಲ್ಪ ಹಳದಿ. ಒಂದು ಕೋರೆಹಲ್ಲು ಚೂರು ಓರೆ. ಹೊಳಪು ಕೊಟ್ಟು, ಮುಗಿಸಿ ಇಟ್ಟದ್ದು.

ಅವನು ಬಾಗಿಲಲ್ಲಿ ನಿಂತಿದ್ದ. ಮುಖದಲ್ಲಿ ರಕ್ತವಿರಲಿಲ್ಲ.

"ಯಾವಾಗ ಮುಗೀತು ಇದು?"

"...ಹೋದ ತಿಂಗಳು."

"ಹೋದ ತಿಂಗಳು! ಅಮ್ಮನಿಗೆ ಗೊತ್ತಾ?"

"ಇಲ್ಲ."

"ಹೆತ್ತ ತಾಯಿಗೂ ಸುಳ್ಳು! ನಾನಿಲ್ಲಿ ದಿನಾ ಒದ್ದಾಡ್ತಿದ್ರೆ ನೀವು ನಿಂತು ತಮಾಷೆ ನೋಡ್ತಿದ್ರಾ?"

"ಹಾಗಲ್ಲ... ನಾನು..."

ಅವನ ತುಟಿ ಅಲುಗಿತು. ಮಾತು ಮಾತ್ರ ಹೊರಬರಲಿಲ್ಲ. ಆ ಮೌನ ಅವಳನ್ನು ಇನ್ನೂ ಸುಟ್ಟಿತು.

"ದಿನಾ ಮಾಡಿ ದಿನಾ 'ಇದಲ್ಲ' ಅನ್ನಿಸ್ಕೊಳ್ಳೋಕೆ ನನಗೊಂದು ಮನೆ ಆಗ್ಲೇ ಸಿಕ್ಕಿತ್ತು ರೀ. ಇನ್ನೊಂದು ಬೇಡ."

ಹೊರಟೇಬಿಟ್ಟಳು. ಹಳದಿ ಕೈಗವಸು ಮೊಳೆಯಲ್ಲೇ ಉಳಿಯಿತು.

* * *

ಆಮೇಲಿನ ದಿನಗಳಲ್ಲಿ ಅವಳು ಹಿಂದಿನ ಓಣಿಯ ದಾರಿಯನ್ನೇ ಬಿಟ್ಟಳು. ಕೆಲಸವೇನೋ ನಡೆಯುತ್ತಿತ್ತು. ಆದರೆ ಹುಬ್ಬಿಗೆ ದಾರ ಹಿಡಿದವಳು ಮಧ್ಯದಲ್ಲಿ ಎಲ್ಲೋ ನೋಡುತ್ತ ನಿಲ್ಲುವಳು.

"ಒಂದು ಹುಬ್ಬು ಮುಗಿಸಿ ಯೋಚನೆ ಮಾಡಮ್ಮಾ," ಎಂದರು ಬ್ಯಾಂಕ್ ಮೇಡಂ. "ಅರ್ಧ ಮುಖ ಹೊತ್ಕೊಂಡು ಬ್ಯಾಂಕಿಗೆ ಹೋಗೋಕಾಗಲ್ಲ ನಾನು."

ಸಂಜೆಯಾದರೆ ಇನ್ನೂ ಕಷ್ಟ. ಒಂದು ದಿನ ಮನೆಯಲ್ಲಿ ತನಗೆಂದೇ ಅನಾನಸ್ ಹೆಚ್ಚಿ, ಸೇಬು, ಶುಂಠಿ ಹಾಕಿ ಸ್ಮೂದಿ ಮಾಡಿಕೊಂಡಳು. ಕಳ್ಳಿಯೊಂದಿರಲಿಲ್ಲ. ಕಿಟಕಿಯ ಪಕ್ಕ ಕುಳಿತು ಒಂದು ಗುಟುಕು ಕುಡಿದಳು. ತಾನಾಗಿಯೇ ಬಾಯಿಂದ ಬಂತು...

"ಇದಲ್ಲ."

ತನ್ನ ಮಾತಿಗೆ ತಾನೇ ಬೆಚ್ಚಿದಳು.

ರುಚಿಯಲ್ಲಿ ಏನೂ ತಪ್ಪಿರಲಿಲ್ಲ. ಇಲ್ಲದ್ದು ಮುಕ್ಕಾಲಿಯ ಮೇಲಿನ ಆ ಚೂಪು ಕಣ್ಣು, ಜಾರ್ ತೊಳೆಯುವ ನೀರಿನ ಸದ್ದು, ಮೇಣದ ವಾಸನೆ. ಅವನು ಬೇಕಾಗಿದ್ದಾನೆ ಎಂದು ಅವಳು ಅಂದು ತನ್ನೊಳಗೆ ಒಪ್ಪಿಕೊಂಡಳು. ಒಪ್ಪಿಕೊಂಡು ಇನ್ನಷ್ಟು ಹೆದರಿದಳು. ಒಮ್ಮೆ ಸುಟ್ಟುಕೊಂಡ ಕೈ ಮತ್ತೆ ಒಲೆಯ ಹತ್ತಿರ ಹೋಗಲು ಒಪ್ಪುತ್ತದೆಯೇ? ಈ ಮನೆಯೂ ಒಂದು ದಿನ ತಟ್ಟೆ ಸರಿಸಿಬಿಟ್ಟರೆ?

ಬಿಸಿಲೇರುವ ಮೊದಲೇ ಪಾರ್ಲರ್ ತೆಗೆಯಬೇಕಾಗಿದ್ದ ಒಂದು ಬೆಳಗ್ಗೆ ಅವಳು ಶಟರ್ ಎತ್ತಲು ಬಂದಾಗ ಮೆಟ್ಟಿಲ ಮೇಲೆ ಅಮ್ಮ ಕುಳಿತಿದ್ದರು. ಒಂದು ಕೈಯಲ್ಲಿ ಮುಚ್ಚಿದ ಗ್ಲಾಸು, ಇನ್ನೊಂದರಲ್ಲಿ ಸೇಬು.

"ನನಗೂ ಹುಬ್ಬು ಮಾಡ್ತೀಯೇನೆ? ಗಂಡಸರಿಗೆ ತಾನೇ ಪ್ರವೇಶ ಇಲ್ಲದ್ದು?"

ಎನ್ನುತ್ತ ಅಮ್ಮ ನಕ್ಕರು. ಬಾಯಿ ತುಂಬ ಹಲ್ಲು! ಚೂರು ಓರೆಯಾದ ಕೋರೆಹಲ್ಲು ಮಿಂಚಿತು.

"ಹಾಕ್ಕೊಂಡ್ರಾ ಅಮ್ಮ? ಕೊಟ್ರಾ ಅವ್ರು?"

"ಅವನು ಕೊಡೋದೇನು? ನಾನೇ ಹುಡುಕ್ಕೊಂಡಿದ್ದೆ. ಅವನು ಅಂಗಡಿಗೆ ಹೋದಾಗೆಲ್ಲ ಹಾಕ್ಕೊಂಡು ಒಂದು ಸೇಬು ಕಚ್ತಿದ್ದೆ. ಇಲಿ ಅಂದಿದ್ದೆನಲ್ಲ, ಆ ಇಲಿ ನಾನೇ ಕಣೆ."

ಅಮ್ಮನನ್ನು ಒಳಗೆ ಕರೆತಂದವಳು ದಂಗಾಗಿ ಕುರ್ಚಿಯಲ್ಲಿ ಕುಸಿದಳು. "ಹಲ್ಲಿದ್ದೂ ಯಾಕೆ ಸುಮ್ಮನಿದ್ರಿ?"

"ಹಲ್ಲಿದೆ ಅಂತ ಹೇಳಿದ್ರೆ ಮಾರನೇ ದಿನ ನೀನು ಬರ್ತಿದ್ಯಾ?"

ಅಮ್ಮ ಸೇಬನ್ನು ಕೈಯಲ್ಲಿ ತಿರುಗಿಸುತ್ತ ಮುಂದುವರಿಸಿದರು.

"ಅವನಿಗೂ ಅದೇ ಭಯ. ಹಲ್ಲು ಕೊಟ್ರೆ ನೀನು ಬರೋದು ನಿಲ್ಲಿಸ್ತೀಯ ಅಂತ ಬಚ್ಚಿಟ್ಟ. ನೀನು ಹೋದ ಮೇಲೆ ಡಬ್ಬಿ ತಂದು ನನ್ನ ಕಾಲ ಹತ್ರ ಇಟ್ಟು ಅತ್ತ. 'ನಿನ್ನನ್ನ ಒಂದು ತಿಂಗಳು ಬೊಚ್ಚುಬಾಯಲ್ಲಿ ಇಟ್ಟೆ ಅಮ್ಮ' ಅಂತ. ಹೊಡೆದೆ ಒಂದು ಏಟು. ಹಲ್ಲು ಬಚ್ಚಿಟ್ಟಿದ್ದಕ್ಕಲ್ಲ, ಬಾಯಿ ಬಚ್ಚಿಟ್ಟಿದ್ದಕ್ಕೆ."

ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಆದರೂ ಒಳಗೆ ಸಿಕ್ಕಿಕೊಂಡಿದ್ದ ಮುಳ್ಳು ಒಂದಿತ್ತಲ್ಲ! ಅದನ್ನು ಕೀಳದೆ ಬಿಡುವಂತಿರಲಿಲ್ಲ.

"ಮತ್ತೆ... ದಿನಾ 'ಇದಲ್ಲ' ಅಂತಿದ್ರಿ. ಆ ಮಾತು ಕೇಳಿ ಕೇಳಿಯೇ ನಾನೊಂದು ಮನೆ ಬಿಟ್ಟು ಬಂದವಳಮ್ಮ. ನಿಮ್ಮ ಬಾಯಲ್ಲಿ ಕೇಳ್ದಾಗ್ಲೂ ನಾನಲ್ಲ, ನಾನಲ್ಲ ಅಂತಲೇ ಕೇಳ್ತಿತ್ತು."

ಅಮ್ಮನ ನಗು ಮಾಯವಾಯಿತು. ಸೇಬನ್ನು ಕೆಳಗಿಟ್ಟು ಅವಳ ಕೈ ಹಿಡಿದರು.

"ಅಯ್ಯೋ ಮಗಳೇ... ಅಷ್ಟು ಚುಚ್ಚುತ್ತೆ ಅಂತ ಗೊತ್ತಿದ್ರೆ ಆ ಮಾತು ಆಡ್ತಿರ್ಲಿಲ್ಲ ಕಣೆ. ತಪ್ಪಾಯ್ತು. ಆದ್ರೆ ಗ್ಲಾಸ್ ಖಾಲಿ ಮಾಡ್ತಿದ್ದೆನಲ್ಲ, ಅದನ್ನ ನೋಡ್ಲಿಲ್ವಾ ನೀನು?" ಎಂದು ತಂದಿದ್ದ ಗ್ಲಾಸಿನ ಮುಚ್ಚಳ ತೆಗೆದರು. "ಕುಡಿ. ಆಮೇಲೆ ಹೇಳ್ತೀನಿ."

ಅದೇ ಹಸಿರು, ಅದೇ ನೊರೆ. ಒಂದು ಗುಟುಕು... ಕಣ್ಣು ತಾನಾಗಿ ಕಿರಿದಾಯಿತು. ಹುಳಿ! ನಿಂಬೆಯದಲ್ಲದ, ಅನಾನಸಿನದಲ್ಲದ, ನಾಲಿಗೆಯ ಅಂಚನ್ನು ಎಬ್ಬಿಸುವ ಹಸಿ ಹುಳಿ. ಹಿಂದೆಯೇ ತಂಪು.

"ಇದು!" ಎಂದರು ಅಮ್ಮ. "ಏನೂ ಬೇರೆ ಹಾಕಿಲ್ಲ. ನೀನು ಹಾಕೋದೇ ಹಾಕಿದ್ದು. ಈ ಗಿಡ ಇದೆಯಲ್ಲ, ರಾತ್ರಿಯೆಲ್ಲ ಹುಳಿ ಕೂಡಿಟ್ಕೊಳ್ಳುತ್ತೆ. ಬಿಸಿಲು ಏರಿದ ಹಾಗೆ ಹುಳಿ ಇಳಿಯುತ್ತೆ. ನಮ್ಮಮ್ಮ ಬೆಳಕು ಹರಿಯೋ ಹೊತ್ತಿಗೆ ಕೊಯ್ತಿದ್ಲು. ನೀನು ಕೊಯ್ತಿದ್ದದ್ದು ಸಂಜೆ. ನಿನ್ನ ಕೈ ತಪ್ಪಲ್ಲ ಕಣೆ, ಹೊತ್ತು ತಪ್ಪು."

"ಗೊತ್ತಿದ್ರೆ ಮೊದಲೇ ಹೇಳ್ಬಹುದಿತ್ತಲ್ಲ ಅಮ್ಮ?"

"ಹೇಗೆ ಹೇಳ್ಲಿ? ಬೆಳಗ್ಗೆ ಕೊಯ್ದು ಮಾಡಿಕೊಡು ಅಂತ ಕೇಳೋಕೆ, ನೀನು ಬೆಳಗ್ಗೆ ನಮ್ಮನೇಲಿ ಇರಬೇಕಲ್ಲ..."

ಅಮ್ಮ ಅಷ್ಟು ಹೇಳಿ ಕನ್ನಡಿಯ ಕಡೆ ತಿರುಗಿ ತಮ್ಮ ಹುಬ್ಬು ನೋಡಿಕೊಳ್ಳತೊಡಗಿದರು, ಏನೂ ಆಗದವರಂತೆ. ಅವಳ ಕಣ್ಣು ತುಂಬಿ ಗ್ಲಾಸಿನ ಹಸಿರು ಕಲಸಿಹೋಯಿತು.

"ಇದನ್ನ ಕೊಯ್ದವರು ಯಾರು?"

ಅಮ್ಮ ಗದ್ದದಿಂದಲೇ ಬಾಗಿಲ ಕಡೆ ತೋರಿಸಿದರು.

ಬೋರ್ಡಿನ ಆಚೆ, ಮೆಟ್ಟಿಲ ಕೆಳಗೆ ಅವನು ನಿಂತಿದ್ದ. ಎರಡೂ ಅಂಗೈ ಮುಂದೆ ಚಾಚಿ... ಬೆರಳುಗಳನ್ನು ಅಗಲಿಸಿ...

"ಮತ್ತೆ ಬರಿಗೈಲಾ?! ನನ್ನ ಕೈಗವಸು ಅಲ್ಲೇ ನೇತಾಡ್ತಿತ್ತಲ್ಲ!"

"ಹರಿದು ಹೋದ್ರೆ ಅಂತ..." ಅವನು ತಲೆ ತಗ್ಗಿಸಿದ. "ನಮ್ಮನೇಲಿ ನಿಮ್ಮದು ಅಂತ ಉಳಿದಿದ್ದು ಅದೊಂದೇ."

ಅವಳು ಏನೋ ಬೈಯಬೇಕೆಂದುಕೊಂಡಿದ್ದಳು. ಎಲ್ಲ ಮರೆತುಹೋಯಿತು.

"ಒಳಗೆ ಬನ್ನಿ."

"ಬೋರ್ಡು..."

"ಬನ್ನಿ ಅಂದೆ!"

ಅವನನ್ನು ದೀಪದ ಕೆಳಗೆ ಕೂರಿಸಿದಳು. ವ್ಯಾಕ್ಸ್ ಬಿಸಿಯಾಗುತ್ತಿದ್ದಾಗ ಹೇಳಿದಳು, "ಊರಿಗೆಲ್ಲ ಬಾಯಿ ತುಂಬ ಹಲ್ಲು ಕೊಡ್ತೀರಿ. ನಿಮ್ಮ ಬಾಯಿಂದ ಒಂದು ಮಾತು ಬರೋಕೆ ಇಷ್ಟು ದಿನವಾ?"

"ಮಾತು ತಪ್ಪಿದ್ರೆ ಹಲ್ಲಿನ ಹಾಗೆ ಉಜ್ಜಿ ಸರಿ ಮಾಡೋಕಾಗಲ್ಲ. ಅದಕ್ಕೆ ಭಯ." ಅವನು ತಲೆ ಎತ್ತಿದ. ಈ ಸಲ ಕಣ್ಣು ತಪ್ಪಿಸಲಿಲ್ಲ. "ನೀವು ಮೊದಲನೇ ಸಲ ಕೈ ಹಿಡಿದ್ರಲ್ಲ, ಅವತ್ತಿಂದ ನನಗೆ ನೀವು ಬೇಕು. ಅಮ್ಮನಿಗೆ ಸುಳ್ಳು ಹೇಳಿದ್ದು ತಪ್ಪು. ನಿಮಗೆ ಹೇಳಿದ್ದು ಅದಕ್ಕಿಂತ ದೊಡ್ಡ ತಪ್ಪು. ಕ್ಷಮಿಸ್ತೀರಾ ಅಂತ ಕೇಳೋಕೆ ಬಂದೆ. ಮಿಕ್ಕಿದ್ದು... ನೀವು ಒಪ್ಪಿದ್ರೆ ಮಾತ್ರ."

ಕನ್ನಡಿಯ ಮುಂದೆ ಅಮ್ಮ ಕರಕ್ಕೆಂದು ಸೇಬು ಕಚ್ಚಿದರು.

"ನನಗೆ ಅಡುಗೆಮನೆ ಅಂದ್ರೆ ಇನ್ನೂ ಭಯ," ಎಂದಳು ಅವಳು, ಅವನ ಅಂಗೈ ನೋಡುತ್ತಲೇ. "ಮುಚ್ಚಿಡಲ್ಲ. ಕೆಲವು ದಿನ ಒಲೆ ಹಚ್ಚೋಕೂ ಮನಸ್ಸು ಬರಲ್ಲ."

"ನಾನು ಹಚ್ತೀನಿ."

"ಬೆಳಗ್ಗೆ ಬೇಗ ಏಳೋ ಅಭ್ಯಾಸವೂ ಇಲ್ಲ."

"ನಾನು ಏಳ್ತೀನಿ. ಕೊಯ್ದು ತಂದಿಡ್ತೀನಿ."

"ಹೀಗೇ, ಬರಿಗೈಲಿ?"

"ನೀನು ಬೈದ್ರೆ ಇಲ್ಲ," ಎಂದುಬಿಟ್ಟ. 'ನೀನು' ಎಂದದ್ದು ತಿಳಿದು ಕಿವಿಯವರೆಗೂ ಕೆಂಪಾದ.

ಅವಳು ತಿದ್ದಲಿಲ್ಲ. ಪಟ್ಟಿ ಒತ್ತಿ ಎಳೆದಳು. ಅವನು ಈ ಸಲ ಅಮ್ಮನನ್ನು ಕರೆಯಲಿಲ್ಲ. ಆಮೇಲೆ ಚಿಮಟ ಹಿಡಿದು ಒಂದೊಂದೇ ಸುಂಕು ಕಿತ್ತಳು, ನಿಧಾನವಾಗಿ, ಬೆರಳಿಂದ ಬೆರಳಿಗೆ. ಎಲ್ಲ ಮುಗಿಯಿತು. ಚಿಮಟವನ್ನು ಕೆಳಗಿಟ್ಟದ್ದೂ ಆಯಿತು.

ಅವನ ಕೈ ಮಾತ್ರ ಇನ್ನೂ ಅವಳ ಕೈಯಲ್ಲೇ ಇತ್ತು.

"ಮುಗೀತಾ?" ಎಂದು ಅವನು ಮೆಲ್ಲಗೆ ಕೇಳಿದ.

ಅವಳು ನಕ್ಕು, ಆ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಇಲ್ಲ ಕಣೋ... ಫಿನಿಶಿಂಗ್ ಬಾಕಿ ಇದೆ."